ಪಕ್ಕದ ಸೀಟಿನ ಬ್ರೇಕಮ್ಮ

ಡ್ರೈವಿಂಗ್ ಸ್ಕೂಲಿನ ಕಾರಿಗೆ ಎರಡು ಬ್ರೇಕು. ಒಂದು ಕಲಿಯುವವರ ಕಾಲ ಕೆಳಗೆ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂತು ಕಲಿಸುವವರ ಕಾಲ ಕೆಳಗೆ. ಮೊದಲನೆಯದು ಶಾಸ್ತ್ರಕ್ಕೆ, ಎರಡನೆಯದು ಜೀವಕ್ಕೆ. ಈ ಎರಡನೆಯದರ ಮೇಲೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬಲಗಾಲು ತೂಗಿಸಿಕೊಂಡು ಕೂತಿದ್ದವರನ್ನು ಬ್ರೇಕಮ್ಮ ಎಂದು ಯಾರು ಮೊದಲು ಕರೆದರೋ ಗೊತ್ತಿಲ್ಲ. ಸೀಟ್ ಬೆಲ್ಟ್ ಇಲ್ಲದಿದ್ದರೆ ಮುಂದಿನ ಗಾಜಿಗೆ ಹಣೆ ಹಚ್ಚಿಬಿಡುತ್ತಿದ್ದವರೇ ಯಾರೋ ಇರಬೇಕು.

ಸ್ಟೇರಿಂಗ್ ಹಿಡಿದು ನಡುಗುವವರಿಗೆ ಧೈರ್ಯ ತುಂಬಲು ಬ್ರೇಕಮ್ಮ ಹೇಳುತ್ತಿದ್ದ ಮಾತು ಒಂದೇ. "ನೋಡಿ, ಗಾಡಿ ಓಡಿಸ್ತಿರೋದು ನೀವು. ನಾನು ಸುಮ್ನೆ ಪಕ್ಕದಲ್ಲಿ ಕೂತಿದೀನಿ, ಅಷ್ಟೇ." ಇದಕ್ಕಿಂತ ದೊಡ್ಡ ಸುಳ್ಳು ಆ ಪೇಟೆಯಲ್ಲಿ ಇರಲಿಲ್ಲ. ಸೈಕಲ್ಲು ಅಡ್ಡ ಬಂದರೆ ಸರಿ, ನಾಯಿ ಅಡ್ಡ ಬಂದರೂ ಸರಿ, ಬರಲೋ ಬೇಡವೋ ಎಂದು ನಾಯಿ ದೂರದಲ್ಲಿ ನಿಂತು ಯೋಚಿಸಿದರೂ ಸಾಕು, ಕಾರು ಗಕ್ಕನೆ ನಿಲ್ಲುತ್ತಿತ್ತು. ಕಲಿಯುವವರು ತಾವೇ ನಿಲ್ಲಿಸಿದೆವೆಂದು ಹಿಗ್ಗುತ್ತಿದ್ದರು. ಹೀಗೆ ಹಿಗ್ಗಿಕೊಂಡೇ ನಮ್ಮಂಥ ಎಷ್ಟೋ ದಡ್ಡರು ಲೈಸೆನ್ಸ್ ಪಡೆದು ರಸ್ತೆಗೆ ಬಿದ್ದಿದ್ದೇವೆ.

ಇಂಥ ಬ್ರೇಕಮ್ಮನಿಗೆ ಮೂರು ವರ್ಷದಿಂದ ಕೂರಲು ಆಗುತ್ತಿರಲಿಲ್ಲ.

ನಿಂತರೆ ತೊಂದರೆಯಿಲ್ಲ, ನಡೆದರೂ ಇಲ್ಲ, ಮಲಗಿದರೂ ಪರವಾಗಿಲ್ಲ. ಕೂತರೆ ಮಾತ್ರ, ಬಲಬದಿಗೆ, ಹೆಸರು ಹೇಳಲು ನಾಚಿಕೆಯಾಗುವ ಜಾಗದಲ್ಲಿ ಮೊದಲು ಉರಿ, ಆಮೇಲೆ ಕಾದ ಸೂಜಿ, ಆಮೇಲೆ ಯಾರೋ ಒಳಗೆ ಇಕ್ಕಳ ಹಾಕಿ ತಿರುವಿದ ಹಾಗೆ. ತಲೆನೋವು ಬಂದವರು ಊರೆಲ್ಲ ಹೇಳಿಕೊಂಡು ತಿರುಗಬಹುದು. ಮಂಡಿನೋವಿಗಂತೂ ಮದುವೆಮನೆಯಲ್ಲಿ ಮುಂದಿನ ಸಾಲಿನ ಕುರ್ಚಿ ಸಿಗುತ್ತದೆ. ಈ ನೋವಿಗೆ ಬಂಧುಬಳಗದಲ್ಲಿ ಮರ್ಯಾದೆಯೇ ಇಲ್ಲ. "ಎಲ್ಲಿ ನೋವು ಅತ್ತಿಗೆ?" ಎಂದು ನಾದಿನಿ ಕೇಳಿದರೆ ಬ್ರೇಕಮ್ಮ "ಸೊಂಟ" ಅಂದುಬಿಡುತ್ತಿದ್ದರು. ನಾದಿನಿ ಸೊಂಟಕ್ಕೆ ಹಚ್ಚುವ ಎಣ್ಣೆ ಕಳಿಸುತ್ತಿದ್ದಳು. ಆ ಎಣ್ಣೆಯೆಲ್ಲ ಮನೆಯ ಬಾಗಿಲುಗಳ ಕೀಲಿಗೆ ಹೋಗಿ, ಬಾಗಿಲುಗಳು ಬಹಳ ಆರೋಗ್ಯವಾಗಿದ್ದವು.

ಡಾಕ್ಟರುಗಳಿಗೂ ಈ ನೋವು ಸುಲಭಕ್ಕೆ ಸಿಕ್ಕಲಿಲ್ಲ. ಒಬ್ಬರು ಮೂಲವ್ಯಾಧಿ ಇರಬೇಕು ಎಂದು ಹುಡುಕಿ, ಇಲ್ಲವಲ್ಲ ಎಂದು ಬೇಸರಪಟ್ಟುಕೊಂಡರು. ಇನ್ನೊಬ್ಬರು ಮೂತ್ರದ ಸೋಂಕಿಗೆ ಮಾತ್ರೆ ಕೊಟ್ಟರು. ಮತ್ತೊಬ್ಬರು ವಯಸ್ಸು ಅಂದರು. ಅವರ ಪಕ್ಕದ ಕೋಣೆಯವರು ಮನಸ್ಸು ಅಂದರು. ಕೊನೆಗೆ ನೋವಿಗೆಂದೇ ಒಂದು ವಿಭಾಗವಿದ್ದ ದೊಡ್ಡ ಆಸ್ಪತ್ರೆಯಲ್ಲಿ, ಬ್ರೇಕಮ್ಮನ ಕೈಯಲ್ಲಿ ಕಲಿಯುವ ವಯಸ್ಸಿನ ಒಬ್ಬ ಡಾಕ್ಟರಮ್ಮ ಬೆರಳಿಟ್ಟು ಒತ್ತಿ "ಇಲ್ಲೇ ತಾನೆ?" ಎಂದಾಗ, ಬ್ರೇಕಮ್ಮ ಮಂಚದಿಂದ ಒಂದು ಗೇಣು ಮೇಲೆ ಹಾರಿದರು. ಹಾರಿದ ಮೇಲೆ ಖುಷಿಯೂ ಆಯಿತು. ಅಂತೂ ನೋವು ನಿಜವಾಗಿಯೂ ಇದೆ ಅಂತಾಯಿತಲ್ಲ.

"ಕಮೋಡ್ ಮೇಲೆ ಕೂತಾಗ ನೋವು ಕಡಿಮೆ ಇರ್ಬೇಕಲ್ಲ?" ಎಂದರು ಡಾಕ್ಟರಮ್ಮ.

ಬ್ರೇಕಮ್ಮ ಕಣ್ಣು ಬಾಯಿ ಬಿಟ್ಟರು. ಮನೆಯಲ್ಲಿ ಅವರು ನೆಮ್ಮದಿಯಾಗಿ ಕೂರುತ್ತಿದ್ದ ಒಂದೇ ಒಂದು ಜಾಗ ಅದು. ಪೇಪರು ಓದುವುದು, ಫೋನಿನಲ್ಲಿ ತಂಗಿಯ ಜೊತೆ ಹರಟುವುದು, ನಾಳಿನ ಕ್ಲಾಸುಗಳ ವೇಳೆ ಗೊತ್ತುಮಾಡುವುದು ಎಲ್ಲಾ ಅಲ್ಲಿಂದಲೇ. "ನಿಮಗೆ ಹೇಗೆ ಗೊತ್ತಾಯ್ತು ಡಾಕ್ಟ್ರೇ?"

"ಕೂರೋ ಮೂಳೆಯ ಪಕ್ಕದಲ್ಲೇ ಒಂದು ನರ ಹೋಗುತ್ತೆ. ಕುರ್ಚಿ ಅದನ್ನ ಒತ್ತುತ್ತೆ. ಕಮೋಡಿನ ನಡುವೆ ಖಾಲಿ ಇರೋದ್ರಿಂದ ಒತ್ತಲ್ಲ."

ಮುಂದಿನ ವರ್ಷವೆಲ್ಲ ಆ ನರದ ಸೇವೆಗೆ ಹೋಯಿತು. ನಡುವೆ ತೂತಿರುವ ದಿಂಬು ಬಂತು. ವ್ಯಾಯಾಮ ಬಂತು. ಮಾತ್ರೆ ಬಂತು, ಅದನ್ನು ನುಂಗಿದರೆ ನೋವಿನ ಜೊತೆ ಎಡ ಯಾವುದು ಬಲ ಯಾವುದು ಎನ್ನುವುದೂ ಮರೆತುಹೋಗುತ್ತಿತ್ತು; ಬ್ರೇಕಮ್ಮನ ಕಸುಬಿಗೆ ಅದು ಒಗ್ಗುವ ಮಾತಲ್ಲ. ಇಂಜೆಕ್ಷನ್ ಕೊಟ್ಟರೆ ಮೂರು ಗಂಟೆ ಸ್ವರ್ಗ, ಆಮೇಲೆ ಮತ್ತೆ ಅದೇ ನೆಲ. ದಿನವಿಡೀ ನಡೆಯುತ್ತಿದ್ದ ಕ್ಲಾಸು ಬೆಳಗಿನ ಹೊತ್ತಿಗೆ ಮಾತ್ರ ಎಂದಾಯಿತು. ಒಂದು ಕುಂಡೆಯ ಮೇಲೆ ಕೂತು, ಒಂದು ಕಾಲು ಬ್ರೇಕಿನ ಮೇಲಿಟ್ಟು, ಹಲ್ಲು ಕಚ್ಚಿ ಕಲಿಸಿದರು. ಹಲ್ಲು ಕಚ್ಚಿಕೊಂಡಿದ್ದು ತಮ್ಮ ಮೇಲಿನ ಸಿಟ್ಟಿಗೆ ಎಂದು ಕಲಿಯುವವರು ತಿಳಿದರು.

ಹಲ್ಲಿನ ವಿಷಯ ಅವರ ಯಜಮಾನರ ಇಲಾಖೆ. ಅವರದು ಕೃತಕ ಹಲ್ಲು ಮಾಡುವ ಕೆಲಸ. ಮನೆಯ ಹಿಂದಿನ ಕೋಣೆಯಲ್ಲಿ ಕಿಟಕಿಯ ಬೆಳಕಿಗೆ ಎತ್ತರದ ಸ್ಟೂಲ್ ಹಾಕಿಕೊಂಡು, ಗುಲಾಬಿ ಮೇಣದ ವಸಡಿನಲ್ಲಿ ಒಂದೊಂದೇ ಹಲ್ಲು ನೆಡುತ್ತಿದ್ದರು. ನಿಧಾನದ ಮನುಷ್ಯ. ಹೆಂಡತಿ ಅಡುಗೆಮನೆಯ ಕಟ್ಟೆಯ ಮುಂದೆ ನಿಂತೇ ಊಟ ಮಾಡಲು ಶುರುಮಾಡಿದ ದಿನದಿಂದ ಅವರೂ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತರು. "ನೀವಾದ್ರೂ ಕೂತ್ಕೊಳ್ರೀ" ಎಂದರೆ "ನಾನು ದಿನವೆಲ್ಲಾ ಕೂತೇ ಇರ್ತೀನಲ್ಲ ಮಾರಾಯ್ತಿ" ಎನ್ನುತ್ತಿದ್ದರು. ನಾಲ್ಕು ಕುರ್ಚಿಯ ಊಟದ ಮೇಜಿನ ಮೇಲೆ ಈಗ ಇಸ್ತ್ರಿ ಬಟ್ಟೆ ಊಟಕ್ಕೆ ಕೂತಿತ್ತು.

ಕೊನೆಗೆ ಡಾಕ್ಟರಮ್ಮ ಒಂದು ಮಷಿನಿನ ಮಾತೆತ್ತಿದರು.

"ಬೆನ್ನಿನ ಕೆಳಗೆ, ಆ ನರ ಹುಟ್ಟೋ ಹತ್ತಿರ ಒಂದು ಸಣ್ಣ ತಂತಿ ಇಡ್ತೀವಿ. ಬೆಂಕಿಪೊಟ್ಟಣದಷ್ಟು ಬ್ಯಾಟರಿ, ಸೊಂಟದ ಕೆಳಗೆ ಚರ್ಮದೊಳಗೆ ಇಡೋದು. ಅದು ಸ್ವಲ್ಪ ಸ್ವಲ್ಪ ಕರೆಂಟ್ ಬಿಡ್ತಾ ಇರುತ್ತೆ. ನೋವಿನ ಬದಲು ಜುಂ ಅನ್ನುತ್ತೆ, ಕೆಲವರಿಗೆ ಏನೂ ಅನ್ನಿಸಲ್ಲ. ರೋಗ ವಾಸಿಯಾಗಲ್ಲ, ಅದನ್ನ ಈಗ್ಲೇ ಹೇಳಿಬಿಡ್ತೀನಿ. ನೋವು ಅರ್ಧಕ್ಕಿಳಿದ್ರೆ ನಾವು ಗೆದ್ವಿ ಅಂತ ಲೆಕ್ಕ. ಎಲ್ಲರಿಗೂ ಇಳಿಯಲ್ಲ."

"ಇಳೀದೇ ಇದ್ರೆ?" ಎಂದರು ಯಜಮಾನರು.

"ಅದಕ್ಕೇ ಮೊದಲು ಒಂದು ವಾರ ಪರೀಕ್ಷೆ. ತಂತಿ ಒಳಗೆ, ಬ್ಯಾಟರಿ ಹೊರಗೆ ಬೆಲ್ಟಲ್ಲಿ. ಉಪಯೋಗ ಆಗ್ಲಿಲ್ಲ ಅಂದ್ರೆ ತಂತಿ ಎಳೆದು ಹಾಕ್ತೀವಿ. ಉಪಯೋಗ ಆದ್ರೆ ಆಮೇಲೆ ಬ್ಯಾಟರಿನೂ ಒಳಗೇ ಇಡೋದು. ಆಗ್ಲೂ ಕೀವಾಗಬಹುದು, ತಂತಿ ಸರಿದುಹೋಗಬಹುದು, ಕೆಲವು ವರ್ಷಕ್ಕೆ ಬ್ಯಾಟರಿ ಬದಲಾಯಿಸ್ಬೇಕು."

ಯಜಮಾನರಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. "ನಾನು ಮಾಡಿಕೊಡೋದನ್ನ ಮಲಗೋವಾಗ ತೆಗೆದು ಲೋಟದಲ್ಲಿ ಇಡಬಹುದು" ಎಂದು ಗೊಣಗಿದರು.

"ಇನ್ನೊಂದು," ಎಂದರು ಡಾಕ್ಟರಮ್ಮ. "ಕರೆಂಟ್ ಆನ್ ಇದ್ದಾಗ ಗಾಡಿ ಓಡಿಸ್ಬಾರ್ದು. ಮೈ ತಟ್ಟನೆ ತಿರುಗಿದ್ರೆ ಒಮ್ಮೊಮ್ಮೆ ಕರೆಂಟ್ ಜೋರಾಗಿ ಕಾಲು ಸೆಳೆದುಬಿಡುತ್ತೆ. ನೀವು ಡ್ರೈವಿಂಗ್ ಕಲಿಸೋವ್ರಲ್ವಾ?"

ಬ್ರೇಕಮ್ಮನಿಗೆ ಈ ನೋವು ಹೋಗಬೇಕಾಗಿದ್ದದ್ದೇ ಆ ಸೀಟಿನಲ್ಲಿ ಕೂರುವುದಕ್ಕೆ. ಸಿನಿಮಾ ನಿಂತು ನೋಡಬಹುದು, ಊಟ ನಿಂತು ಮಾಡಬಹುದು, ಡ್ರೈವಿಂಗ್ ನಿಂತು ಕಲಿಸಲು ಬರುವುದಿಲ್ಲ. ಆ ಸೀಟಿನಿಂದ ಇಳಿದರೆ ಅವರು ಬ್ರೇಕಮ್ಮನೇ ಅಲ್ಲ. ಇಪ್ಪತ್ತು ವರ್ಷ ಹೇಳಿ ಹೇಳಿ ಬಾಯಿಪಾಠವಾಗಿದ್ದ ಮಾತು ತಾನಾಗಿ ನಾಲಿಗೆಗೆ ಬಂತು.

"ಓಡ್ಸೋದು ಕಲಿಯೋವ್ರು ಡಾಕ್ಟ್ರೇ. ನಾನು ಸುಮ್ನೆ ಪಕ್ಕದಲ್ಲಿ ಕೂತಿರ್ತೀನಿ, ಅಷ್ಟೇ."

ಡಾಕ್ಟರಮ್ಮನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ದಿನಾ ಟ್ಯಾಕ್ಸಿಯಲ್ಲಿ ಓಡಾಡುವವರು. "ಹಾಗಾದ್ರೆ ತೊಂದ್ರೆ ಇಲ್ಲ" ಎಂದರು. ಯಜಮಾನರಿಗೆ ಕೆಮ್ಮು ಬಂತು.

ಹೊರಗಿನ ಮೆಟ್ಟಿಲಲ್ಲಿ ಅವರು ಕೇಳಿದರು: "ಬ್ರೇಕಿನ ವಿಷಯ ಹೇಳ್ಲೇ ಇಲ್ವಲ್ಲೇ?"

"ಅವ್ರು ಕೇಳ್ಲಿಲ್ಲ."

"ಹಾಗೊಂದು ಇದೆ ಅಂತ ಗೊತ್ತಿದ್ರೆ ತಾನೆ ಕೇಳೋದು?"

"ನಿಮ್ಮ ಹತ್ರ ಹಲ್ಲು ಕಟ್ಟಿಸ್ಕೊಳ್ಳೋವ್ರು, ಇದರಲ್ಲಿ ಮೂಳೆ ಕಡೀತೀವಿ ಅಂತ ಮೊದಲೇ ಹೇಳ್ತಾರಾ?"

"ಹೇಳಲ್ಲ. ಅದಕ್ಕೇ ಮುರ್ಕೊಂಡು ವಾಪಸ್ ಬರ್ತಾರೆ."

ತಂತಿ ಹಾಕಿದ ದಿನ ಬ್ರೇಕಮ್ಮ ಬೋರಲು ಮಲಗಿದ್ದರು. ಬೆನ್ನಿಗೆ ಮರಗಟ್ಟುವ ಇಂಜೆಕ್ಷನ್; ಎಚ್ಚರ ಪೂರ್ತಿ ಇತ್ತು. ಡಾಕ್ಟರಮ್ಮ ಒಳಗೆ ಏನನ್ನೋ ಸರಿಸುತ್ತಾ, ನರ್ಸಿಗೆ "ಹೆಬ್ಬೆರಳು ನೋಡ್ತಿರಿ" ಎಂದರು. ಕರೆಂಟು ಬಿಟ್ಟಾಗ ಬಲಗಾಲ ಹೆಬ್ಬೆರಳು ತಾನೇ ತಾನಾಗಿ ಮಡಚಿಕೊಂಡಿತು. "ಸರಿಯಾದ ಜಾಗ" ಎಂದು ಡಾಕ್ಟರಮ್ಮನಿಗೆ ಸಂತೋಷ. ಬ್ರೇಕಮ್ಮನಿಗೆ ಮಾತ್ರ ಒಂಥರಾ ಅವಮಾನ. ಊರಿನವರ ಕಾಲನ್ನೆಲ್ಲ ಆಳಿದವರು. ತಮ್ಮದೇ ಬೆರಳು ಬೇರೆಯವರ ಮಾತು ಕೇಳುತ್ತಿತ್ತು.

ಆದರೆ ಮರುದಿನ ಅವರು ಕೂತರು.

ಇಸ್ತ್ರಿ ಬಟ್ಟೆಗಳನ್ನು ಎಬ್ಬಿಸಿ, ಊಟದ ಮೇಜಿನ ಮುಂದೆ, ಕಟ್ಟಿಗೆಯ ಕುರ್ಚಿಯ ಮೇಲೆ, ದಿಂಬಿಲ್ಲದೆ. ಉರಿ ಇತ್ತು, ಆದರೆ ಪಕ್ಕದ ಮನೆಯ ರೇಡಿಯೋದ ಹಾಗೆ ದೂರದಲ್ಲಿ. ಸೂಜಿ ಇರಲಿಲ್ಲ. ಇಕ್ಕಳ ಇರಲಿಲ್ಲ. ಬೆಲ್ಟಿನ ಡಬ್ಬಿ ಒಳಗೊಳಗೇ ಜುಂ ಎನ್ನುತ್ತಿತ್ತು. ಊಟ ಮುಗಿಯಿತು, ಕೈ ಒಣಗಿತು, ಆದರೂ ಏಳಲಿಲ್ಲ.

"ಏಳಲ್ವೇನೇ?" ಎಂದರು ಯಜಮಾನರು, ಮೆಲ್ಲಗೆ.

"ಇನ್ನೊಂದು ಸ್ವಲ್ಪ ಹೊತ್ತು ಕೂತ್ಕೊಳ್ತೀನಿ. ನೀವು ಬೇಕಾದ್ರೆ ನಿಂತ್ಕೊಳ್ಳಿ."

ವಾರವೆಲ್ಲ ಅವರು ಕೂತದ್ದೇ ಕೂತದ್ದು. ಮೆಟ್ಟಿಲ ಮೇಲೆ, ಅಂಗಡಿಯ ಬೆಂಚಿನ ಮೇಲೆ, ನಾದಿನಿಯ ಮನೆಗೆ ಹೋಗಿ ಅವಳ ಹೊಸ ಸೋಫಾದ ಮೇಲೆ. ಅವಳು ಎಣ್ಣೆಯ ಮಹಿಮೆ ಎಂದುಕೊಂಡಳು. ಬಗ್ಗುವ ಹಾಗಿಲ್ಲ, ತಿರುಚುವ ಹಾಗಿಲ್ಲ, ಸ್ನಾನವಿಲ್ಲ, ಆದರೂ ಯಾರ ಮೇಲೂ ಸಿಡುಕಲಿಲ್ಲ. ಯಜಮಾನರು ಇದನ್ನು ಗಮನಿಸಿದರು. ಕಣ್ಣು ತಾಗೀತೆಂದು ಬಾಯಿ ಬಿಡಲಿಲ್ಲ.

ಆಗ ಬ್ಯಾಂಕಿನ ಕ್ಯಾಷಿಯರಮ್ಮ ಫೋನ್ ಮಾಡಿದರು. ಬ್ರೇಕಮ್ಮನ ಹಳೆಯ ಗಿರಾಕಿ. ಲೈಸೆನ್ಸ್ ಪರೀಕ್ಷೆಯಲ್ಲಿ ಫೇಲಾಗಿ ಫೇಲಾಗಿ ಪರೀಕ್ಷೆ ಮಾಡುವವರ ಮನೆಮಂದಿಯ ಯೋಗಕ್ಷೇಮವನ್ನೂ ಬಲ್ಲವರು. "ಮೇಡಂ, ಸೋಮವಾರ ಟೆಸ್ಟು. ಒಂದೇ ಒಂದು ರೌಂಡು ಕರ್ಕೊಂಡು ಹೋಗಿ. ನೀವಿಲ್ದೆ ನಂಗೆ ಕೈಕಾಲೇ ಆಡಲ್ಲ."

ಯಜಮಾನರು ವಸಡಿನ ಮೇಣದಿಂದ ತಲೆಯೆತ್ತಿದರು. "ಹೋಗ್ಬೇಡ ಕಣೇ."

"ನಾನೇನು ಓಡಿಸ್ತೀನಾ?"

"ಆ ಮಾತನ್ನ ಕ್ಯಾಷಿಯರಮ್ಮಂಗೆ ಹೇಳು. ನಂಗೆ ಹೇಳ್ಬೇಡ."

ಹೋದರು. ಡಬ್ಬಿ ಆನ್ ಇತ್ತು; ಆಫ್ ಮಾಡಿದರೆ ಕೂರುವುದು ಹೇಗೆ? ಮೂರು ವರ್ಷದ ಮೇಲೆ ಮೊದಲ ಸಲ ಆ ಸೀಟಿನಲ್ಲಿ ಎರಡೂ ಕುಂಡೆ ಊರಿ ಕೂತು, ಕಿಟಕಿಯಾಚೆ ನೋಡಿದರು. ರಸ್ತೆಗೆ ಹೊಸ ಬಣ್ಣ ಬಳಿದಿದ್ದರು. ಯಾವಾಗ ಬಳಿದರೋ! ಇಷ್ಟು ದಿನ ನೋವೊಂದನ್ನೇ ನೋಡಿಕೊಂಡು ಓಡಾಡಿದ್ದೆನಲ್ಲ ಎನಿಸಿತು. ಕ್ಯಾಷಿಯರಮ್ಮ ಗೇರು ಕಿರುಚಿಸಿದರೂ ಬೈಯಲಿಲ್ಲ. ಬೈಗುಳವಿಲ್ಲದ್ದಕ್ಕೆ ಕ್ಯಾಷಿಯರಮ್ಮನಿಗೆ ಇನ್ನೂ ಭಯವಾಯಿತು.

ಗೋದಾಮಿನ ರಸ್ತೆಯಲ್ಲಿ, ಒಂದು ಗೇಟಿನಿಂದ ಸಾಮಾನಿನ ವ್ಯಾನೊಂದು ಹಿಂದುಹಿಂದಾಗಿ ರಸ್ತೆಗೆ ಬಂತು. ಬ್ರೇಕಮ್ಮ ವ್ಯಾನಿನ ಕಡೆ ತಟ್ಟನೆ ತಿರುಗಿ ಬ್ರೇಕ್ ಒತ್ತಿದರು. ಒತ್ತಿದೆ ಎಂದುಕೊಂಡರು. ತಿರುಗಿದ ಕ್ಷಣಕ್ಕೆ ಬೆನ್ನಿನಿಂದ ಕಾಲಿಗೆ ಝಲ್ ಎಂದು ಕರೆಂಟು ಹರಿದು, ಹೆಬ್ಬೆರಳು ಮಡಚಿಕೊಂಡು, ಪಾದ ಬ್ರೇಕಿನ ಮೇಲಿಂದ ಜಾರಿಹೋಯಿತು. ಕಾರು ಮುಂದೆ ಹೋಗುತ್ತಲೇ ಇತ್ತು.

ಕಾರು ನಿಂತಿತು. ವ್ಯಾನಿನ ಹಿಂಬಾಗಿಲಿಗೂ ಕಾರಿನ ಮೂತಿಗೂ ಒಂದು ಗೇಣು. ಎಂಜಿನ್ ಆಫ್ ಆಗಿತ್ತು. ಕ್ಯಾಷಿಯರಮ್ಮ ಎರಡೂ ಕಾಲುಗಳನ್ನು ಒಂದೇ ಬ್ರೇಕಿನ ಮೇಲೆ ಇಟ್ಟುಕೊಂಡು ನಿಗುರಿ ಕೂತಿದ್ದರು.

"ಮೇಡಂ! ನಾನೇ ಹಾಕ್ದೆ! ನಾನೇ ಹಾಕ್ದೆ ಬ್ರೇಕು!" ಎಂದು ಅವರು ಕಿರುಚಿದರು. "ದಿನಾ ನನ್ನ ಕಾಲು ಹೋಗೋ ಅಷ್ಟರಲ್ಲಿ ಅದು ಬಿದ್ದಾಗಿರುತ್ತೆ. ಇವತ್ತು ನೀವು ಬೇಕಂತ್ಲೇ ನಂಗೆ ಬಿಟ್ರಿ ಅಲ್ವಾ?"

ಹೌದು ಎಂದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಎಂಥ ದೊಡ್ಡ ಗುರು ಎಂದು ಕ್ಯಾಷಿಯರಮ್ಮ ಬ್ಯಾಂಕಿನಲ್ಲೆಲ್ಲ ಹೊಗಳಿಕೊಂಡು ಬರುತ್ತಿದ್ದರು. ಬ್ರೇಕಮ್ಮನ ಬಾಯಿ ಹಾಗೆನ್ನಲು ತೆರೆದುಕೊಂಡಿತು ಕೂಡ.

"ಇಲ್ಲ ಕ್ಯಾಷಿಯರಮ್ಮ. ನನ್ನ ಕಾಲು ಜಾರ್ತು. ನೀವು ಹಾಕ್ದೇ ಇದ್ದಿದ್ರೆ ನಾವು ಆ ವ್ಯಾನಿನೊಳಗಿರ್ತಿದ್ವಿ."

ಕ್ಯಾಷಿಯರಮ್ಮನ ಮುಖದ ಬಣ್ಣ ಆಗ ಇಳಿಯಿತು. ಇಬ್ಬರೂ ಇಳಿದು, ಕಾರನ್ನು ಅಲ್ಲೇ ಬದಿಗೆ ಬಿಟ್ಟು, ಬೀಗ ಹಾಕಿ, ನಡೆದುಕೊಂಡು ವಾಪಸಾದರು.

ವಾರದ ಕೊನೆಗೆ ಡಾಕ್ಟರಮ್ಮ ನಗುತ್ತಾ ಕೇಳಿದರು: "ಹೇಗಿದೆ? ನೋವು ಅರ್ಧಕ್ಕಿಳೀತಾ?"

"ಅರ್ಧಕ್ಕಿಂತ ಜಾಸ್ತಿನೇ ಇಳೀತು ಡಾಕ್ಟ್ರೇ," ಎಂದು ಬ್ರೇಕಮ್ಮ ಎರಡನೇ ಬ್ರೇಕಿನ ಕಥೆಯನ್ನು ಮೊದಲಿಂದ ಕೊನೆಯವರೆಗೂ ಹೇಳಿದರು.

ಡಾಕ್ಟರಮ್ಮನ ನಗು ನಿಂತಿತು. "ನಿಮ್ಮ ಕಡೆನೂ ಬ್ರೇಕ್ ಇರುತ್ತಾ?" ಎಂದರು. ಫೈಲನ್ನು ಮತ್ತೆ ತೆರೆದು ಹೇಳಿದರು: "ಹಾಗಾದ್ರೆ ನೀವೂ ಡ್ರೈವರೇ. ಮಷಿನ್ ಹಾಕಿಸ್ಕೊಂಡ್ರೆ ಆ ಸೀಟಲ್ಲಿ ಕೂರೋವಾಗ ಆಫ್ ಮಾಡ್ಲೇಬೇಕು. ಬೇರೆ ಎಲ್ಲಾ ಕಡೆ ಆನ್ ಇಟ್ಕೊಳ್ಳಿ."

"ಬೇರೆ ಎಲ್ಲಾ ಕಡೆ ನಿಂತ್ಕೊಂಡೂ ಇರಬಹುದಲ್ಲ ಡಾಕ್ಟ್ರೇ. ಕೂರ್ಬೇಕಾಗಿರೋದು ಅಲ್ಲೇ."

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ," ಎಂದರು ಯಜಮಾನರು. ಆ ಗಾದೆ ಅವರಿಗೆ ಅನ್ನ ಹಾಕಿದ ಗಾದೆ.

"ಇದು ನೀವೇ ತೀರ್ಮಾನ ಮಾಡ್ಬೇಕು. ಅಲ್ಲೀವರೆಗೆ ಈ ಪರೀಕ್ಷೆ ತಂತಿ ಒಳಗಿಡೋ ಹಾಗಿಲ್ಲ," ಎಂದು ಡಾಕ್ಟರಮ್ಮ ತಂತಿಯನ್ನು ಎಳೆದು ತೆಗೆದರು. ಅದು ಬಂದದ್ದು ಗೊತ್ತೂ ಆಗಲಿಲ್ಲ.

ಮರುದಿನ ಸಂಜೆಗೆ ನೋವು ವಾಪಸು ಬಂತು. ಮೊದಲಿನದೇ ನೋವು, ಒಂದು ಗುಲಗಂಜಿ ಹೆಚ್ಚಿಲ್ಲ. ಆದರೆ ಮೊದಲು ಅದು ಮನೆಯವರಲ್ಲಿ ಒಬ್ಬರ ಹಾಗಿತ್ತು. ಒಂದು ವಾರ ಅದಿಲ್ಲದ ಮನೆ ನೋಡಿದ ಮೇಲೆ, ಕೇಳದೆ ಬಂದು ಠಿಕಾಣಿ ಹೂಡಿದ ನೆಂಟನ ಹಾಗೆ ಕಂಡಿತು. ತಟ್ಟೆಗಳು ಮತ್ತೆ ಅಡುಗೆಮನೆಯ ಕಟ್ಟೆಗೆ ಬಂದವು. ಯಜಮಾನರು ತಾವೂ ಬಂದು ಪಕ್ಕದಲ್ಲಿ ನಿಂತರು.

"ನೀವು ಏನಂತೀರಿ?" ಎಂದು ಬ್ರೇಕಮ್ಮ ಕೇಳಿದರು.

"ನಾನೇನನ್ಲಿ? ಮೈ ನಿಂದು."

"ಮೈ ನಂದೇ. ಬಾಯಿ ನಿಮ್ದಲ್ವಾ? ಹೇಳಿ."

ಅವರು ತುತ್ತು ನುಂಗಿ ನಿಧಾನಕ್ಕೆ ಹೇಳಿದರು. "ಆ ವಾರ ನೀನು ಒಂದ್ಸಲನೂ ನನ್ನ ಮೇಲೆ ರೇಗಲಿಲ್ಲ. ನಂಗೆ ಭಯನೇ ಆಗಿತ್ತು. ಆದ್ರೂ ಇನ್ನೊಂದಷ್ಟು ವರ್ಷ ಹಾಗೆ ಭಯಪಟ್ಕೊಂಡು ಇರೋಕೆ ನಂಗೇನೂ ಅಭ್ಯಂತರ ಇಲ್ಲ."

ಬ್ರೇಕಮ್ಮ ನಗಲಿಲ್ಲ. ಅವರ ತಲೆಯಲ್ಲಿ ಕ್ಯಾಷಿಯರಮ್ಮನ ಮಾತೇ ಓಡುತ್ತಿತ್ತು. ನನ್ನ ಕಾಲು ಹೋಗೋ ಅಷ್ಟರಲ್ಲಿ ಅದು ಬಿದ್ದಾಗಿರುತ್ತೆ. ಮೂರು ವರ್ಷದಿಂದ ತಾನು ಹಾಕಿದ ಬ್ರೇಕುಗಳಲ್ಲಿ ನಾಯಿಗೆ ಹಾಕಿದ್ದೆಷ್ಟು, ನೋವಿಗೆ ಹಾಕಿದ್ದೆಷ್ಟು? ಕ್ಲಾಸು ಬೇಗ ಮುಗಿಯಲೆಂದು ಕಾರನ್ನು ದಾರಿಬದಿಗೆ ನಿಲ್ಲಿಸಿ "ಇವತ್ತಿಗೆ ಸಾಕು" ಎಂದದ್ದೆಷ್ಟು? ಕ್ಯಾಷಿಯರಮ್ಮ ಅಷ್ಟು ಸಲ ಫೇಲಾದದ್ದು ಬರೀ ಕ್ಯಾಷಿಯರಮ್ಮನ ದಡ್ಡತನವಲ್ಲ. ಅಂದಮೇಲೆ ಆ ಸೀಟು ಈಗಾಗಲೇ ಅರ್ಧ ಖಾಲಿಯಾಗಿತ್ತು; ತಾನು ಒಪ್ಪಿಕೊಂಡಿರಲಿಲ್ಲ, ಅಷ್ಟೇ.

ಮರುದಿನ ತಮ್ಮ ಸ್ಕೂಲಿನ ಬಾಗಿಲಿಗೆ ಚೀಟಿ ಅಂಟಿಸಿದರು: ಕಲಿಸುವವರು ಬೇಕಾಗಿದ್ದಾರೆ.

ಬಂದವರನ್ನು ಪರೀಕ್ಷಿಸುವ ಕ್ರಮ ಅವರದೇ. ಅರ್ಜಿದಾರರನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ತಾವು ಸ್ಟೇರಿಂಗ್ ಹಿಡಿದು, ಇಷ್ಟು ವರ್ಷ ನೋಡಿದ ದಡ್ಡರ ದಡ್ಡತನವನ್ನೆಲ್ಲ ಒಟ್ಟುಗೂಡಿಸಿ ಓಡಿಸುವುದು. ತಂತಿ ಮೈಯಲ್ಲಿರಲಿಲ್ಲವಾದ್ದರಿಂದ ಓಡಿಸಲು ಅಡ್ಡಿಯಿರಲಿಲ್ಲ, ನೋವೊಂದನ್ನು ಬಿಟ್ಟು. ಗೋದಾಮುಗಳ ಹಿಂದಿನ ಖಾಲಿ ಮೈದಾನದಲ್ಲಿ, ಡ್ರಮ್ಮುಗಳ ನಡುವೆ ಈ ಪರೀಕ್ಷೆ. ಯಜಮಾನರು ಸಾಕ್ಷಿಗೆಂದು ಹಿಂದಿನ ಸೀಟಿನಲ್ಲಿ, ಕಣ್ಣು ಮುಚ್ಚಿಕೊಂಡು.

ಮೊದಲು ಬಂದಾತ ನಿವೃತ್ತ ಬಸ್ ಡ್ರೈವರು. ಡ್ರಮ್ಮು ಎದುರಿಗೆ ಬಂದರೂ ಕಾಲು ಅಲ್ಲಾಡಿಸದೆ "ಅಮ್ಮಾ ನೋಡ್ಕೊಂಡು, ನೋಡ್ಕೊಂಡು" ಎಂದ. ಡ್ರಮ್ಮು ಉರುಳಿತು. ಎರಡನೆಯವನು ಕಾರು ಶುರುವಾಗುವ ಮೊದಲೇ ಬ್ರೇಕ್ ಒತ್ತಿ ಹಿಡಿದವನು ಬಿಡಲೇ ಇಲ್ಲ.

"ಇವನು ನಿನ್ನ ಹಾಗೇನೇ" ಎಂದರು ಹಿಂದಿನಿಂದ.

"ಅದಕ್ಕೇ ಬೇಡ," ಎಂದರು ಬ್ರೇಕಮ್ಮ.

ಮೂರನೆಯವಳು ಶಾಲೆಯ ವ್ಯಾನು ಓಡಿಸುತ್ತಿದ್ದ ಹೆಂಗಸು. ಮಾತು ಕಡಿಮೆ. ಬ್ರೇಕಮ್ಮ ಡ್ರಮ್ಮಿನ ಕಡೆ ಕಾರು ನುಗ್ಗಿಸಿದರು. ಆಕೆ ಅವರ ಕಾಲಿನ ಕಡೆ ಒಮ್ಮೆ ನೋಡಿದಳು. ಕಾಯ್ದಳು. ಬ್ರೇಕಮ್ಮ ಬ್ರೇಕ್ ಹಾಕಲಿಲ್ಲ. ಆಕೆ ಇನ್ನೂ ಕಾಯ್ದಳು. ಇನ್ನು ಕಾಯುವ ಹಾಗಿಲ್ಲ ಎನ್ನುವ ಗಳಿಗೆಗೆ ಸರಿಯಾಗಿ ಕಾರು ನಿಂತಿತು. ಬ್ರೇಕಮ್ಮ ಬೆಲ್ಟಿಗೆ ಹೋಗಿ ಹೊಡೆದು, ವಾಪಸು ಸೀಟಿಗೆ ಬಿದ್ದರು; ಬಲಬದಿಗೇ ಬಿದ್ದರು.

"ಇನ್ನೂ ಮೊದಲೇ ಯಾಕೆ ಹಾಕ್ಲಿಲ್ಲ?" ಹಲ್ಲು ಕಚ್ಚಿಕೊಂಡು ಕೇಳಿದರು.

"ನೀವೇ ಹಾಕ್ತೀರೇನೋ ಅಂತ ನೋಡ್ತಿದ್ದೆ ಅಕ್ಕ. ಹೊಡೆತ ಬಿತ್ತಾ?"

"ಬೆಳಿಗ್ಗೆ ಎಷ್ಟು ಹೊತ್ತಿಗೆ ಬರೋಕಾಗುತ್ತೆ ನಿಮಗೆ?"

"ಆರಕ್ಕೆ."

ಹಿಂದಿನ ಸೀಟಿನಲ್ಲಿ ಯಜಮಾನರು ಕಣ್ಣು ತೆರೆದರು. ಅಂಗಿಯ ಜೇಬಿನಿಂದ ಫೋನು ತೆಗೆದು, ಕನ್ನಡಕ ಹುಡುಕುತ್ತಾ, "ಹಾಗಾದ್ರೆ ಮಷಿನ್ ಹಾಕ್ಸೋಕೆ ಆಸ್ಪತ್ರೆಗೆ ಫೋನ್ ಮಾಡ್ಲಾ?" ಎಂದರು.

"ಮೊದ್ಲು ನನ್ನ ಇಲ್ಲಿಂದ ಇಳಿಸ್ರೀ," ಎಂದರು ಬ್ರೇಕಮ್ಮ. "ಆಮೇಲೆ ಮಾಡಿ. ಆದಷ್ಟು ಬೇಗದ ದಿನ ಕೇಳಿ."